ಎಡಗಡಿ ಸಪ್ಪಳ

ಹದಿನಾರು ನೂರು ರೂಪಾಯಿ.
ಒಂಬೈನೂರು ಚೆನ್ನವೀರಂದು, ದಾಲ್ ಮಿಲ್ಲಿನ ಓವರ್‌ಟೈಮು,
ಏಳು ನೂರು ನಂದು, ಬ್ಲೌಸ್ ಹೊಲಿದದ್ದು.
ಕರಾರು ಹಿಂಗ: ರಾತ್ರಿ ಹನ್ನೊಂದರ ತನಕ ಗೇಮ್ ಅವಂದು,
ಹನ್ನೊಂದರ ಮ್ಯಾಲ ಹಾಡು ನಂದು.
ಒಂದೇ ಹೆಡ್‌ಫೋನು, ಎರಡು ತಲಿ.

ಸೂಪರ್ ಮಾರ್ಕೆಟ್‌ನ್ಯಾಗ ಕಲಬುರಗಿ ಏಪ್ರಿಲ್ ಬಿಸಲು,
ಡಾಂಬರು ಚಪ್ಪಲಿ ಕಚ್ಚಿ ಹಿಡೀತದ.
ಅತೀಕ್ ಭಾಯಿ ಅಂಗಡ್ಯಾಗ ಒಂದೇ ಫ್ಯಾನು,
ಅದೂ ಅವರ ಕಡೀಗೇ ಮಾರಿ ಮಾಡಿ ಕುಂತದ.

"ವೈರ್ ಇಲ್ಲದ್ದು ತಗೋರಿ, ಈಗ ಅದೇ ನಡೀತದ."
ಬ್ಯಾಡ ಅಂದ ಚೆನ್ನವೀರ. ಅದರಾಗ ಸಪ್ಪಳ ತಡಾ ಬರ್ತದ,
ಗುಂಡು ಎದಿಗಿ ಬಡದು ನಾ ಸತ್ತ ಮ್ಯಾಲ
ಹೊಡೆದದ್ದು ಕೇಳ್ತದ.
ನಂಗ ಅದು ಛಲೋ ಅನಿಸ್ತು. ಹೇಳಲಿಲ್ಲ.

ಕೆಂಪು ದೀಪ ಹತ್ತೋದೊಂದು ತೆಗೆದರು,
ಡಬ್ಬಿ ಮ್ಯಾಲ ಸಿಡಿಲು, ಹುಲಿ ಮಾರಿ.
ಹಾಕ್ಕೊಂಡು ನನ್ನ ಹಾಡು ಹಚ್ಚಿದೆ:
ಢಂ ಢಂ ಢಂ, ಮದುವಿ ಡೀಜೆ ಗಾಡಿ ಹಿಂದ ನಿಂತಂಗ,
ಹಾಡೋಕಿ ಎಲ್ಲೋ ದೂರ, ಬಾವ್ಯಾಗ.
ದೀಪದ ರೊಕ್ಕ ನಾ ಯಾಕ ಕೊಡಲಿ?
ದೀಪ ಕಿವಿಗಿ ಕಾಣಸ್ತದೇನು?

ಇನ್ನೊಂದು ಹಗುರಂದು. ಹಾಡೋಕಿ ಬಾಜೂಕ ಬಂದು ಕುಂತಳು,
ಉಸಿರು ತಗೊಳ್ಳೋದೂ ಕೇಳ್ತು.
ಆದರ ಮೈಕ್ ಇಲ್ಲ. ಮೈಕ್ ಇಲ್ದ ಆಟ ಹ್ಯಾಂಗ,
ಶಹಾಬಾದದ ದೋಸ್ತ ಬೈದರ ತಿರುಗಿ ಬೈಬ್ಯಾಡೇನು?

ಮೂರನೇದು ಕರೇದು, ಸಾದಾ,
ಬಟ್ಟಿ ಗಾದಿ, ಉದ್ದ ವೈರು, ಮಡಚೋ ಮೈಕು.
ಹದಿನೇಳು ನೂರಾ ಐವತ್ತು. ನಾ ಚೌಕಾಶಿಗಿ ನಿಂತೆ.
ಚೆನ್ನವೀರ ಹಾಕ್ಕೊಂಡ, ಕಣ್ಣು ಮುಚ್ಚಿದ,
ತೆಗೆದ.
"ಭಾಯಿ, ಇದರ ಎಡಗಡಿ ಖಾಲಿ ಅದ."

ಅತೀಕ್ ಭಾಯಿ ಹಾಕ್ಕೊಂಡು ನೋಡಿದರು: ಬರ್ಲಕತ್ತದಲ್ಲ?
ನಾ ಹಾಕ್ಕೊಂಡೆ: ಎರಡೂ ಕಡಿ ಅದ.
ಹೊಸ ಡಬ್ಬಿ ಒಡದರು. ಅದೂ ಖಾಲಿ ಅಂದ.
ಆಮ್ಯಾಲ ಯಾರೂ ಏನೂ ಅನ್ನಲಿಲ್ಲ.
ಅತೀಕ್ ಭಾಯಿ ಮೆಲ್ಲಕ ಅವನ ತಲಿ ಮ್ಯಾಲ ತಿರುವಿ ಹಾಕಿದರು,
ಬಲದ್ದು ಎಡಕ್ಕ, ಎಡದ್ದು ಬಲಕ್ಕ.
"ಈಗ?"
"ಎಡಗಡೀನೇ."

ಮಿಲ್ಲಿಗಿ ಸೇರಿ ನಾಕು ವರ್ಷ.
ತೊಗರಿ ಒಡೆಯೋ ಮಶೀನು ಅವನ ಎಡಕ್ಕ, ಚೀಲ ಬಲಕ್ಕ,
ದಿನಾ ಹತ್ತು ತಾಸು.
ಮನ್ಯಾಗ ಕರೆದರ "ಆಂ?" ಅಂತಿದ್ದ,
ಸೊಕ್ಕು ಅಂದಕೊಂಡಿದ್ದೆ.
ಊಟಕ್ಕ ಎಡಕ್ಕ ಗ್ವಾಡಿ ಹತ್ತಿಸಿ ಕೂಡ್ತಿದ್ದ,
ಅದು ಅವನ ಜಾಗಾ ಅಂದಕೊಂಡಿದ್ದೆ.

ಮೊದಲ ನಕ್ಕವ ಅವನೇ.
"ಅರ್ಧಾ ರೇಟಿಗಿ ಕೊಡ್ರಿ ಭಾಯಿ, ಅರ್ಧಾನೇ ಕೇಳ್ತೀನಿ."
ಅತೀಕ್ ಭಾಯಿ ನಗಲಿಲ್ಲ.
ಹದಿನೈದು ನೂರು ಎಣಿಸಿಕೊಂಡು
ಉಳಿದ ನೂರು ನನ್ನ ಕೈಯಾಗ ಇಟ್ಟು
"ದವಾಖಾನಿ ಚೀಟಿ ಮಾಡಸ್ರಿ" ಅಂದರು.

ಚೀಟಿ ಸೋಮವಾರದ್ದು.
ಇವತ್ತು ಶನಿವಾರ, ಆಟ ನಿಲ್ಲಂಗಿಲ್ಲ.
ಫೋನಿನ ಸೆಟ್ಟಿಂಗ್‌ನ್ಯಾಗ ಹುಡುಕಿ ಹುಡುಕಿ ಮೊನೊ ಒತ್ತಿದೆ:
ಎರಡೂ ಕಡಿ ಸಪ್ಪಳ ಒಂದೇ ಕಿವ್ಯಾಗ ಬಂದು ಬಿತ್ತು.
ಐದು ನಿಮಿಷಕ್ಕ ಸತ್ತ.
"ಎಲ್ಲಾ ಕೇಳ್ತದ ಅಕ್ಕ,
ಎಲ್ಲಿಂದ ಅಂತ ಕೇಳಲ್ಲ."

ಮೊನೊ ತೆಗೆದೆ.
ಮಾಳಗಿ ಮ್ಯಾಲ ಚಾಪಿ, ಚಾಪಿ ಕೆಳಗ ಇನ್ನೂ ಆರದ ಪರಸಿ.
ಅವನ ಎಡಕ್ಕ ಕುಂತೆ, ತಲಿಗಿ ತಲಿ ಹಚ್ಚಿ.
ಬಲದ ಗಾದಿ ಅವನ ಕಿವಿಗಿ,
ಎಡದ್ದು ಹೊರಗ ಹೊಳ್ಳಿಸಿ ನನ್ನ ಬಲಗಿವಿಗಿ.
ಪಟ್ಟಿ ಕಿರ್ ಅಂತದ, ಹದಿನೈದು ನೂರಿನ ಪಟ್ಟಿ.

ಆಟ ನಂಗ ತಿಳಿಯಲ್ಲ.
ಮನಿ, ಗಿಡ, ಹುಲ್ಲು.
ಹುಲ್ಲಿನ್ಯಾಗ ಯಾರೋ ನಡದಂಗ
ಸರ್, ಸರ್.
ಅವನ ಮೊಳಕಾಲಿಗಿ ಬಡದೆ.
ಅವ ಎಡಕ್ಕ ತಿರುಗಿದ.

ಹನ್ನೊಂದು ಯಾವಾಗೋ ಹೊಡೆದದ.
"ನಿನ್ನ ಹಾಡು," ಅಂತ ಫೋನು ಚಾಚಿದ.
ತಡಿ, ಅಂದೆ,
ಮತ್ತ ಯಾರೋ ಬರ್ಲಕತ್ತಾರ.